ವ್ಯಾಲ್ ಲ್ಯೂಟನ್: ಬಸ್ಸಿನ ಬ್ರೇಕಿನಿಂದ ಹೆದರಿಸಿದ ನಿರ್ಮಾಪಕ

ನಮ್ಮಲ್ಲಿ ನಿರ್ಮಾಪಕ ಅಂದರೆ ದುಡ್ಡು ಹಾಕುವವರು. 1940ರ ದಶಕದ ಹಾಲಿವುಡ್‌ನಲ್ಲಿ ಹಾಗಿರಲಿಲ್ಲ, ಅಲ್ಲಿ ಬಹುಪಾಲು ನಿರ್ಮಾಪಕರು ಸ್ಟುಡಿಯೋದ ಸಂಬಳದ ನೌಕರರು. ಲ್ಯೂಟನ್‌ಗೆ ಆರ್‌ಕೆಓ ಸ್ಟುಡಿಯೋ ಕೊಟ್ಟದ್ದು ವಾರಕ್ಕೆ 250 ಡಾಲರ್. ಕೈಯಿಂದ ಕಾಸು ಹಾಕಿದವನಲ್ಲ, ಆದರೂ ಅಲ್ಲಿ ಅವನು ಮಾಡಿಸಿದ ಹಾರರ್ ಸಿನಿಮಾಗಳನ್ನು ಇವತ್ತಿಗೂ ಅವನ ಹೆಸರಿಂದಲೇ ಗುರುತಿಸುತ್ತಾರೆ. ಅದು ಸರಿಯಾಗಿಯೇ ಇದೆ ಅನ್ನೋದು ನನ್ನ ವಾದ.

ಹುಟ್ಟಿದ್ದು 1904ರಲ್ಲಿ, ಕಪ್ಪು ಸಮುದ್ರದ ದಂಡೆಯ ಯಾಲ್ಟಾದಲ್ಲಿ. ಮೂಕಿ ಚಿತ್ರಗಳ ತಾರೆ ಅಲ್ಲಾ ನಜಿಮೋವಾ ಅವನ ಚಿಕ್ಕಮ್ಮ. 'ಗಾನ್ ವಿತ್ ದಿ ವಿಂಡ್' ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಬಳಿ ವರ್ಷಗಟ್ಟಲೆ ಕಥಾ ವಿಭಾಗ ನೋಡಿಕೊಂಡವನನ್ನು 1942ರಲ್ಲಿ ಆರ್‌ಕೆಓ ಕರೆಸಿಕೊಂಡಿತು. ನಿರ್ದೇಶಕ ಆರ್ಸನ್ ವೆಲ್ಸ್ ಚಿತ್ರಗಳಿಂದ ಕೈಸುಟ್ಟುಕೊಂಡಿದ್ದ ಸ್ಟುಡಿಯೋಗೆ ಅಗ್ಗದ ದೆವ್ವದ ಸಿನಿಮಾ ಬೇಕಿತ್ತು. ಷರತ್ತು ಮೂರು: ಖರ್ಚು 1.5 ಲಕ್ಷ ಡಾಲರ್ ದಾಟಬಾರದು, ಚಿತ್ರ 75 ನಿಮಿಷ ಮೀರಬಾರದು, ಶೀರ್ಷಿಕೆ ಸ್ಟುಡಿಯೋದವರೇ ಕೊಡುತ್ತಾರೆ.

ಮೊದಲು ಕೊಟ್ಟ ಶೀರ್ಷಿಕೆ 'ಕ್ಯಾಟ್ ಪೀಪಲ್', ತಾನು ಚಿರತೆಯಾಗಿಬಿಡುತ್ತೇನೆ ಎಂದು ನಂಬಿದ ಹೆಣ್ಣೊಬ್ಬಳ ಕಥೆ. ಅದರ ಒಂದು ದೃಶ್ಯವನ್ನು ಬಿಡಿಸಿ ನೋಡಬೇಕು. ರಾತ್ರಿ, ಪಾರ್ಕಿನ ಕಲ್ಲುಗೋಡೆಯ ಪಕ್ಕ ಆಲಿಸ್ ಒಬ್ಬಳೇ ನಡೆಯುತ್ತಿದ್ದಾಳೆ. ಬೀದಿದೀಪದ ಬೆಳಕು, ಕತ್ತಲು, ಮತ್ತೆ ಬೆಳಕು. ಸಂಗೀತವೇ ಇಲ್ಲ. ಎರಡು ಜೊತೆ ಹೈಹೀಲ್ಡ್ ಚಪ್ಪಲಿಯ ಸದ್ದು ಮಾತ್ರ, ಮುಂದೆ ಅವಳದು, ಹಿಂದೆ ಇನ್ನೊಬ್ಬಳದು. ಇದ್ದಕ್ಕಿದ್ದಂತೆ ಹಿಂದಿನ ಸದ್ದು ನಿಲ್ಲುತ್ತದೆ. ಹೆದರಿಕೆ ಹುಟ್ಟುವುದೇ ಇಲ್ಲಿ, ಸದ್ದು ಬಂದಾಗ ಅಲ್ಲ, ನಿಂತಾಗ. ಆಲಿಸ್ ಓಡುತ್ತಾಳೆ, ಎಲ್ಲಿಂದಲೋ ಚಿರತೆ ಬುಸುಗುಟ್ಟಿದಂತೆ ಒಂದು ಸದ್ದು, ಸರಕ್ಕನೆ ಒಂದು ಬಸ್ಸು ಬಂದು ನಿಲ್ಲುತ್ತದೆ. ಬುಸುಗುಟ್ಟಿದ್ದು ಅದರ ಏರ್‌ಬ್ರೇಕು! ಸಂಕಲನಕಾರ ಮಾರ್ಕ್ ರಾಬ್ಸನ್ ಹೊಂದಿಸಿದ ಈ ತಂತ್ರಕ್ಕೆ ಸಿನಿಮಾದವರ ಬಾಯಲ್ಲಿ 'ಲ್ಯೂಟನ್ ಬಸ್' ಅಂತಲೇ ಹೆಸರು.

ಇವತ್ತಿನ ಹಾರರ್‌ಗಳು ಇದನ್ನೇ ಕದ್ದು ಕೆಡಿಸಿವೆ. ಬಸ್ಸನ್ನು ಇಟ್ಟುಕೊಂಡರು, ಅದಕ್ಕೆ ಮುಂಚಿನ ನಡಿಗೆಯನ್ನು ಕತ್ತರಿಸಿ ಎಸೆದರು. ಕಿವಿಗೆ ಮೌನ ಒಗ್ಗುವಷ್ಟು ಹೊತ್ತು ಕೊಡದೆ ಢಮಾರ್ ಅನ್ನಿಸಿದರೆ ಪ್ರೇಕ್ಷಕ ಬೆಚ್ಚಿಬೀಳುತ್ತಾನೆ, ಹೆದರುವುದಿಲ್ಲ. ಎರಡೂ ಬೇರೆ.

'ಕ್ಯಾಟ್ ಪೀಪಲ್'ನ ಈಜುಕೊಳದ ದೃಶ್ಯವೂ ಹಾಗೇ. ನೀರಿನ ಹೊಳಪು ಗೋಡೆಯ ಮೇಲೆ ಕುಣಿಯುತ್ತಿರುತ್ತದೆ, ನಡುವೆ ಏನೋ ಸುಳಿದಾಡಿದ ನೆರಳು. ನಿರ್ದೇಶಕ ಜಾಕ್ ಟೂರ್ನರ್ ದೀಪದ ಮುಂದೆ ತನ್ನ ಮುಷ್ಟಿ ಆಡಿಸಿದ್ದು, ಅಷ್ಟೇ.

'ದುಡ್ಡಿರಲಿಲ್ಲ, ಅದಕ್ಕೇ ಕತ್ತಲೆ' ಅನ್ನುವವರಿದ್ದಾರೆ. ಅರ್ಧ ಸತ್ಯ. ಉಳಿಸಬೇಕಾದ ಕಡೆ ಲ್ಯೂಟನ್ ಉಳಿಸಿದ, ವೆಲ್ಸ್‌ನ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್'ಗೆ ಕಟ್ಟಿದ ದೊಡ್ಡ ಮೆಟ್ಟಿಲ ಸೆಟ್ಟನ್ನೇ ಇಲ್ಲಿಗೂ ಬಳಸಿಕೊಂಡ. ಚಿತ್ರಕಥೆಯಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ. ಯಾರೇ ಬರೆದಿರಲಿ, ಕೊನೆಯ ಕರಡನ್ನು ತಾನೇ ಕೂತು ತಿದ್ದುತ್ತಿದ್ದ. 'ದಿ ಬಾಡಿ ಸ್ನ್ಯಾಚರ್' ಮತ್ತು 'ಬೆಡ್ಲಮ್'ನಲ್ಲಿ ಲೇಖಕನಾಗಿ ಕಾಣುವ ಕಾರ್ಲೋಸ್ ಕೀತ್ ಇವನೇ. ಸ್ಟುಡಿಯೋ 'ಐ ವಾಕ್ಡ್ ವಿತ್ ಎ ಜಾಂಬಿ' ಅನ್ನೋ ಸಂತೆ ಶೀರ್ಷಿಕೆ ಕೊಟ್ಟರೆ, ಅದರೊಳಗೆ 'ಜೇನ್ ಏರ್' ಕಾದಂಬರಿಯ ಕಥೆಯನ್ನು ವೆಸ್ಟ್ ಇಂಡೀಸ್‌ಗೆ ಸಾಗಿಸಿಬಿಟ್ಟ. ಸಂಕಲನದ ಮೇಜಿನಿಂದ ರಾಬ್ಸನ್ ಮತ್ತು ರಾಬರ್ಟ್ ವೈಸ್ ಇಬ್ಬರನ್ನೂ ಎಬ್ಬಿಸಿ ನಿರ್ದೇಶಕರಾಗಿ ಮಾಡಿದವನೂ ಇವನೇ. ಮುಂದೆ 'ದಿ ಸೌಂಡ್ ಆಫ್ ಮ್ಯೂಸಿಕ್' ಮಾಡಿದ ವೈಸ್ ಇವರೇ.

ಎಡವಿದ್ದೂ ಉಂಟು. 'ದಿ ಗೋಸ್ಟ್ ಶಿಪ್' (1943) ತೆರೆಕಂಡ ಮೇಲೆ ಇಬ್ಬರು ನಾಟಕಕಾರರು ಕಥೆ ನಮ್ಮದು ಅಂತ ಕೋರ್ಟಿಗೆ ಹೋದರು. ಅವರ ಹಸ್ತಪ್ರತಿ ಲ್ಯೂಟನ್ ಕಚೇರಿಗೆ ಬಂದಿತ್ತು, ಅಷ್ಟು ಸಾಕಾಯಿತು. ಕೇಸು ಸೋತು, ಚಿತ್ರ ದಶಕಗಳ ಕಾಲ ಪೆಟ್ಟಿಗೆ ಸೇರಿತು. ಕೇಳದೇ ಬಂದ ಹಸ್ತಪ್ರತಿಯ ಲಕೋಟೆಯನ್ನು ಒಡೆಯದೆ ವಾಪಸ್ ಕಳಿಸುವ ಸ್ಟುಡಿಯೋಗಳು ಸುಮ್ಮನೆ ಹಾಗೆ ಮಾಡುವುದಿಲ್ಲ.

1946ರಲ್ಲಿ ಅವನ ಬೆನ್ನಿಗಿದ್ದ ಸ್ಟುಡಿಯೋ ಮುಖ್ಯಸ್ಥ ಚಾರ್ಲ್ಸ್ ಕೋರ್ನರ್ ತೀರಿಕೊಂಡ, ಅಲ್ಲಿಗೆ ಆರ್‌ಕೆಓ ಋಣ ಮುಗಿಯಿತು. ಪ್ಯಾರಮೌಂಟ್‌ನಲ್ಲೊಂದು, ಎಂಜಿಎಂನಲ್ಲೊಂದು ಚಿತ್ರ, ಎರಡೂ ಸಪ್ಪೆ. ಕೊನೆಯದು ಯೂನಿವರ್ಸಲ್‌ಗೆ ಮಾಡಿದ ಕೌಬಾಯ್ ಚಿತ್ರ 'ಅಪಾಚೆ ಡ್ರಮ್ಸ್'. 1951ರ ಮಾರ್ಚ್ 14ರಂದು ಹೃದಯಾಘಾತವಾದಾಗ ವಯಸ್ಸು ಬರೀ 46.

ಆ ಕೊನೆಯ ಚಿತ್ರದಲ್ಲಿ ಊರಿನವರೆಲ್ಲ ಒಂದು ಚರ್ಚಿನೊಳಗೆ ಸಿಕ್ಕಿಬಿದ್ದಿದ್ದಾರೆ. ಶತ್ರು ಹೊರಗೆ, ಕಣ್ಣಿಗೆ ಕಾಣುವುದಿಲ್ಲ, ನಗಾರಿಯ ಸದ್ದು ಮಾತ್ರ. ಎಲ್ಲರೂ ಕತ್ತೆತ್ತಿ ಎತ್ತರದ ಕಿಟಕಿಗಳನ್ನೇ ನೋಡುತ್ತಾ ಕೂತಿದ್ದಾರೆ.