ಮೈಕ್ರಾನ್ ಹೆಚ್ಚಿದ ಮಾತ್ರಕ್ಕೆ ಅಪಘಾತದ ಕಾರಲ್ಲ

ಹೊಸ ಕಾರಿನ ಬಣ್ಣದ ದಪ್ಪ 120 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಾಟಿದರೆ ಅದು ಅಪಘಾತವಾಗಿ ರಿಪೇರಿಯಾದ ಕಾರು, ಡೀಲರ್ ಅದನ್ನು ಬದಲಿಸಿಕೊಡಲೇಬೇಕು ಎಂಬ ಸಂದೇಶ ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಎರಡೂ ಮಾತು ಸರಿಯಲ್ಲ.

ಕಾರ್ಖಾನೆಯ ಬಣ್ಣವೇ ಮಾದರಿಗೆ ತಕ್ಕಂತೆ ಸುಮಾರು 80ರಿಂದ 150 ಮೈಕ್ರಾನ್ ಇರುತ್ತದೆ. ಒಂದೇ ಕಾರಿನ ಬಾಗಿಲಿಗೂ ಛಾವಣಿಗೂ ವ್ಯತ್ಯಾಸ ಸಹಜ. ಕಲೆ ಕಂಡ ಭಾಗಕ್ಕೆ ಕಾರ್ಖಾನೆಯಲ್ಲೇ ಮತ್ತೆ ಬಣ್ಣ ಹೊಡೆಯುವುದೂ ಉಂಟು. ಅನುಮಾನ ಪಡಬೇಕಾದದ್ದು ಒಂದು ಭಾಗ ಮಾತ್ರ ಪಕ್ಕದ್ದಕ್ಕಿಂತ ದುಪ್ಪಟ್ಟು ತೋರಿಸಿದಾಗ. ಹಲವು ನೂರು ಮೈಕ್ರಾನ್ ಇದ್ದರೆ ಅಡಿಯಲ್ಲಿ ತಗ್ಗು ತುಂಬುವ ಲೇಪವಾದ ಪುಟ್ಟಿ ಇರುವ ಸಾಧ್ಯತೆ ಹೆಚ್ಚು. ಪ್ಲಾಸ್ಟಿಕ್ ಬಂಪರಿನ ಮೇಲಂತೂ ಬಣ್ಣದ ದಪ್ಪ ಅಳೆಯುವ ಸಾಮಾನ್ಯ ಮಾಪಕ ಕೆಲಸವನ್ನೇ ಮಾಡುವುದಿಲ್ಲ, ಸುಲಭವಾಗಿ ತರಚುವುದು ಮಾತ್ರ ಅದೇ! ಅಲ್ಲಿ ಕಣ್ಣೇ ಗತಿ: ರಬ್ಬರ್ ಅಂಚಿಗೆ ಹಾರಿದ ಬಣ್ಣ, ಬಾನೆಟ್ಟಿನ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ಗುರುತು, ಓರೆ ಬೆಳಕಿನಲ್ಲಿ ಕಾಣುವ ಛಾಯಾಭೇದ. ನಮ್ಮ ಜುಲೈ ಮಳೆಯಲ್ಲಿ ತೊಯ್ದ ಕಾರಿನಲ್ಲಿ ಇದ್ಯಾವುದೂ ಕಾಣದು. ಒಣಗಿಸಿ, ಹಗಲಿನಲ್ಲಿ, ನೋಂದಣಿಗೆ ಮೊದಲೇ ನೋಡಿ.

ಬದಲಿ ಕಾರು ತಾನಾಗಿಯೇ ಸಿಗುವ ಹಕ್ಕಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ಆಯೋಗ ದುರಸ್ತಿ, ಬದಲಿ, ಹಣ ವಾಪಸಾತಿ ಅಥವಾ ಪರಿಹಾರ, ಯಾವುದನ್ನಾದರೂ ಆದೇಶಿಸಬಹುದು. ಪುರಾವೆ ನಿಮ್ಮದೇ ಹೊಣೆ. ದೂರಿಗೆ ಎರಡು ವರ್ಷದ ಗಡುವಿದೆ. ಸಂದೇಶ ಹೇಳದ ಉಪಯುಕ್ತ ಸಂಗತಿಯೆಂದರೆ, ಕಾರು ಮೈಸೂರಿನಲ್ಲಿ ಕೊಂಡಿದ್ದರೂ ಕೊಡಗಿನ ನಿವಾಸಿ ತನ್ನ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು.