ವೆನಿಸ್ ಬೀಚಿನ ಟೆಂಟುಗಳು, ಮತ್ತೆ ಒಂದು ಪಾರ್ಕಿಂಗ್ ಜಾಗ

ಲಾಸ್ ಏಂಜಲೀಸಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಇಲ್ಲಿನ ವೆನಿಸ್ ಬೀಚಿನ ಮತ್ತೊಂದು ವಿಡಿಯೋ ಬಂದಿದೆ. ಫುಟ್‌ಪಾತ್ ಮೇಲೆ ಮನೆಯಿಲ್ಲದವರ ಟೆಂಟು, ಪಕ್ಕದಲ್ಲಿ ಸೊಂಟ ಬಗ್ಗಿ ನಿಂತಲ್ಲೇ ತೂಗಾಡುತ್ತಿರುವ ಒಬ್ಬ ಹುಡುಗ, ಹಿನ್ನೆಲೆಯಲ್ಲಿ ಯಾರೋ ನಗುವ ಸದ್ದು. ಅದರ ಕೆಳಗೊಂದು ಮಾತು: "ಇವರನ್ನೆಲ್ಲ ಬಸ್ಸಿಗೆ ತುಂಬಿ ಮರುಭೂಮಿಗೆ ಬಿಟ್ಟು ಬರಬೇಕು." ಬರೆದವರು ಕೆಟ್ಟವರಲ್ಲ. ದೇವಸ್ಥಾನದಲ್ಲಿ ಅನ್ನಸಂತರ್ಪಣೆ ಇದ್ದರೆ ಎಲ್ಲರಿಗಿಂತ ಮೊದಲು ಬಂದು ತರಕಾರಿ ಹೆಚ್ಚಲು ಕೂರುವವರು. ಅದಕ್ಕೇ ಅಲ್ಲಿ ಎರಡು ಸಾಲು ಗೀಚಿ ಜಗಳ ತೆಗೆಯುವುದು ಬೇಡ ಅಂತ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ಊರಿನಿಂದ ಬಂದವರನ್ನು ಲಾಸ್ ಏಂಜಲೀಸ್ ತೋರಿಸಲು ಕರೆದುಕೊಂಡು ಹೋದರೆ ವೆನಿಸ್ ತಪ್ಪಿಸುವ ಹಾಗಿಲ್ಲ. ಆಬಟ್ ಕಿನ್ನಿ ಅನ್ನುವ ತಂಬಾಕು ವ್ಯಾಪಾರಿ ಇಟಲಿಯ ವೆನಿಸ್ ನೋಡಿ ಆಸೆಪಟ್ಟು, 1905ರಲ್ಲಿ ಕಾಲುವೆ ತೋಡಿಸಿ ಕಟ್ಟಿದ ಊರು. 1926ರಲ್ಲಿ ಲಾಸ್ ಏಂಜಲೀಸಿಗೆ ಸೇರಿತು. ಆಮೇಲೆ ಪಾಳುಬಿತ್ತು, ಬಾಡಿಗೆ ಅಗ್ಗವಾಯಿತು, ಕವಿಗಳು, ಹಿಪ್ಪಿಗಳು, ಸ್ಕೇಟ್‌ಬೋರ್ಡ್ ಹುಡುಗರು ಬಂದು ತುಂಬಿಕೊಂಡರು. ಪಕ್ಕದ ಓಕ್‌ವುಡ್‌ನಲ್ಲಿ ಕಪ್ಪು ಜನರ ಹಳೆಯ ಕೇರಿ ಇತ್ತು. 2011ರಲ್ಲಿ ಗೂಗಲ್ ಬಂತು, ಸ್ನ್ಯಾಪ್‌ಚಾಟ್ ಕಂಪನಿಯೂ ಇಲ್ಲೇ ಬೆಳೆಯಿತು. ಅಗ್ಗದ ಬಾಡಿಗೆಯಿಂದಲೇ ಹೆಸರಾದ ಊರಿನಲ್ಲಿ ಈಗ ಕೈಗೆಟಕುವ ಬಾಡಿಗೆ ಇಲ್ಲ.

ಕೊರೊನಾ ಕಾಲದಲ್ಲಿ, ಬೇರೆ ಜಾಗ ಕೊಡಲಾಗದಿದ್ದರೆ ಟೆಂಟ್ ಕೀಳಬೇಡಿ, ಸೋಂಕು ಹರಡುತ್ತದೆ ಅಂತ ಆರೋಗ್ಯ ಇಲಾಖೆಯೇ ಹೇಳಿತ್ತು. 2021ರ ಹೊತ್ತಿಗೆ ಸಮುದ್ರದ ದಂಡೆಯ ನಡೆದಾರಿಯ ಉದ್ದಕ್ಕೂ ಟೆಂಟು. ಬೆಂಕಿ, ಹೊಡೆದಾಟ, ಮರಳಿನಲ್ಲಿ ಸಿರಿಂಜು. ಅಲ್ಲಿ ಮಕ್ಕಳನ್ನು ಸಾಕುತ್ತಿದ್ದವರಿಗೆ ಸಿಟ್ಟು ಬಂದದ್ದು ತಪ್ಪಲ್ಲ. "ಪಾಪ, ಶ್ರೀಮಂತರು, ಅವರಿಗೇನು ಕಷ್ಟ" ಅಂತ ನಮ್ಮ ಕಾಲೇಜು ಹುಡುಗರು ಗೇಲಿ ಮಾಡುತ್ತಾರಲ್ಲ, ಅವರ ಮನೆ ಬಾಗಿಲಿಗೆ ರಾತ್ರಿ ಮೂರು ಗಂಟೆಗೆ ಯಾರಾದರೂ ಬಂದು ಒದೆಯಲಿ, ಆಮೇಲೆ ಮಾತಾಡೋಣ.

ಆ ಜೂನ್‌ನಲ್ಲಿ ಕೌಂಟಿಯ, ಅಂದರೆ ಇಡೀ ಜಿಲ್ಲೆಯ, ಪೊಲೀಸ್ ಮುಖ್ಯಸ್ಥ ಶೆರಿಫ್ ಅಲೆಕ್ಸ್ ವಿಲನುಯೆವಾ ಕೌಬಾಯ್ ಟೋಪಿ ಹಾಕಿಕೊಂಡು ಬೀಚಿಗೆ ಬಂದರು. ಜುಲೈ 4ರೊಳಗೆ ಎಲ್ಲ ಖಾಲಿ ಮಾಡಿಸುತ್ತೇನೆ ಅಂದರು. ವೆನಿಸ್‌ನ ದಿನನಿತ್ಯದ ಕಾವಲು ಅವರ ಕೆಲಸವಲ್ಲ, ಅದು ನಗರದ ಪೊಲೀಸರದ್ದು. ಆದರೂ ಟೀವಿಯವರು ಮುಗಿಬಿದ್ದರು. ಅದೇ ತಿಂಗಳ ಕೊನೆಗೆ, ಆ ವಾರ್ಡಿನ ಕೌನ್ಸಿಲ್ ಸದಸ್ಯ ಮೈಕ್ ಬೊನಿನ್ ಮತ್ತು ಸೇಂಟ್ ಜೋಸೆಫ್ ಸೆಂಟರ್ ಎಂಬ ಸೇವಾಸಂಸ್ಥೆ ಸೇರಿ ಬೇರೆ ದಾರಿ ಹಿಡಿದರು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿ, ಮೊದಲು ಮೋಟೆಲ್ ಕೋಣೆ, ಮುಂದೆ ಬಾಡಿಗೆ ಮನೆಗೆ ಸರ್ಕಾರದ ವೋಚರು ಅಂತ ಹೇಳಿದರು. ನಗರ ಇದಕ್ಕೆ 50 ಲಕ್ಷ ಡಾಲರ್ ತನಕ ಕೊಡಲು ಒಪ್ಪಿತು. ಆಗಸ್ಟ್ ಬರುವಷ್ಟರಲ್ಲಿ 200ರಷ್ಟು ಜನ ದಂಡೆ ಬಿಟ್ಟು ಒಳಗೆ ಹೋದರು.

"ಇವರಿಗೆ ಮನೆ ಬೇಡ, ಬೀದಿಯೇ ಇಷ್ಟ" ಅನ್ನುವವರು ಇದನ್ನೊಮ್ಮೆ ನೆನೆಸಿಕೊಳ್ಳಿ. ಬಾಗಿಲಿಗೆ ಚಿಲಕವಿರುವ ಕೋಣೆ ಕೊಡುತ್ತೇವೆ ಅಂದಾಗ ಬಹಳ ಜನ ಎದ್ದು ಹೊರಟರು. ನೂರಾರು ಜನ ಒಟ್ಟಿಗೆ ಮಲಗುವ, ಇಷ್ಟು ಗಂಟೆಗೆ ಒಳಗೆ ಬರಬೇಕು ಅನ್ನುವ ಶೆಲ್ಟರಿಗೆ ಹೋಗಲು ಹಿಂದೆಮುಂದೆ ನೋಡುವವರೇ ಕೋಣೆಗೆ ಒಪ್ಪುತ್ತಾರೆ. ನೀವೂ ನಾನೂ ಆದರೂ ಅಷ್ಟೇ ಅಲ್ಲವಾ?

ಬೊನಿನ್‌ಗೆ ಅದರಿಂದ ಏನೂ ಲಾಭವಾಗಲಿಲ್ಲ. ಅವರನ್ನು ಕೆಳಗಿಳಿಸಲು ಸಹಿ ಸಂಗ್ರಹ ನಡೆಯಿತು, ಸಹಿ ಸಾಲದೆ ಬಿದ್ದುಹೋಯಿತು. 2022ರ ಚುನಾವಣೆಗೆ ಅವರು ನಿಲ್ಲಲೇ ಇಲ್ಲ. ಟೆಂಟ್ ತೆಗೆಸುತ್ತೇನೆ ಅಂದ ಟ್ರೇಸಿ ಪಾರ್ಕ್ ಗೆದ್ದರು. ಮೇಯರ್ ಆದ ಕ್ಯಾರೆನ್ ಬ್ಯಾಸ್ 'ಇನ್‌ಸೈಡ್ ಸೇಫ್' ಅಂತ ಶುರುಮಾಡಿ, 2023ರ ಜನವರಿಯಲ್ಲೇ ವೆನಿಸ್‌ಗೂ ಬಂದರು. ಹೆಸರು ಬೇರೆ, ಕೆಲಸ ಬಹುಮಟ್ಟಿಗೆ ಅದೇ: ಮೋಟೆಲ್ ಕೋಣೆ ಕೊಡುವುದು, ಟೆಂಟ್ ತೆಗೆಯುವುದು. ಈಗ ದಂಡೆಯಲ್ಲಿ ಮೊದಲಿನಷ್ಟು ಟೆಂಟ್ ಕಾಣುವುದಿಲ್ಲ. ಕಾಣದಿರುವುದಕ್ಕೆ ಮೋಟೆಲ್ ಒಂದು ಕಾರಣ. ಇನ್ನೊಂದು, ಶಾಲೆಯ 500 ಅಡಿ ಒಳಗೆ ಮಲಗಬಾರದು ಅನ್ನುವಂಥ ನಗರದ 41.18 ಕಾನೂನು. ಇದರ ಮೇಲೆ, 2024ರ ಜೂನ್ 28ರಂದು ಗ್ರಾಂಟ್ಸ್ ಪಾಸ್ ಅನ್ನುವ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು ನೆನಪಿರಬಹುದು: ಮಲಗಲು ಬೇರೆ ಜಾಗ ಇಲ್ಲದಿದ್ದರೂ ಬೀದಿಯಲ್ಲಿ ಮಲಗಿದ್ದಕ್ಕೆ ದಂಡ ಹಾಕಬಹುದು. ತೀರ್ಪು 6–3.

ಊರಿನವರು ತಾವೇ ಹೂಡಿದ ಉಪಾಯವೂ ಒಂದಿದೆ. ಮನೆ ಮುಂದಿನ ಫುಟ್‌ಪಾತಿನ ಮೇಲೆ ಮರದ, ತಗಡಿನ ದೊಡ್ಡ ದೊಡ್ಡ ಗಿಡದ ತೊಟ್ಟಿಗಳು. ಒಳಗೆ ಕತ್ತಾಳೆ, ಕಳ್ಳಿ. ನೋಡಿದವರಿಗೆ ಉದ್ಯಾನದ ಶೋಕಿ ಅನ್ನಿಸಬೇಕು, ಟೆಂಟ್ ಹಾಕಲು ಮಾತ್ರ ಜಾಗ ಉಳಿಯಬಾರದು. ಸಾರ್ವಜನಿಕ ದಾರಿಯನ್ನು ಒತ್ತುವರಿ ಮಾಡಿದ್ದು ಇಲ್ಲಿ ಯಾರು ಅಂತ ಕೇಳಿದರೆ ಉತ್ತರ ಅಷ್ಟು ಸುಲಭವಿಲ್ಲ.

ಇನ್ನು ಡ್ರಗ್ಸ್ ವಿಷಯ. ನಮ್ಮವರ ವಾದ ಯಾವಾಗಲೂ ಒಂದೇ: ಚಟ ಹತ್ತಿಸಿಕೊಂಡರು, ಬೀದಿಗೆ ಬಿದ್ದರು. 2023ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಾ. ಮಾರ್ಗೊ ಕುಶೆಲ್ ತಂಡ ರಾಜ್ಯದಾದ್ಯಂತ ಸುಮಾರು 3,200 ಮನೆಯಿಲ್ಲದವರನ್ನು ಕೇಳಿ ವರದಿ ಕೊಟ್ಟಿತು. ಹತ್ತರಲ್ಲಿ ಒಂಬತ್ತು ಜನ ಮನೆ ಕಳೆದುಕೊಂಡದ್ದು ಕ್ಯಾಲಿಫೋರ್ನಿಯಾದಲ್ಲೇ. ಬಿಸಿಲಿಗೆ ಆಸೆಪಟ್ಟು ಬೇರೆ ರಾಜ್ಯದಿಂದ ಬರುತ್ತಾರೆ ಅನ್ನುವ ಕಥೆ ಇಲ್ಲಿಗೆ ಮುಗಿಯಿತು. ಮನೆ ಹೋಗುವ ಮುಂಚಿನ ಆರು ತಿಂಗಳಲ್ಲಿ ಅವರಲ್ಲಿ ಅರ್ಧಕ್ಕರ್ಧ ಜನರ ಮನೆಯ ಆದಾಯ ತಿಂಗಳಿಗೆ 960 ಡಾಲರಿಗಿಂತ ಕಡಿಮೆ. ಈ ಊರಿನಲ್ಲಿ ಆ ದುಡ್ಡಿಗೆ ಒಂದು ಕೋಣೆ ಹುಡುಕಿ ತೋರಿಸಿ, ನೋಡೋಣ. ಮೆತ್ ಅನ್ನುವ ಮಾದಕವಸ್ತುವನ್ನು ಸಮೀಕ್ಷೆಯ ಹೊತ್ತಿಗೆ ನಿಯಮಿತವಾಗಿ ಬಳಸುತ್ತಿದ್ದವರು 31%. ಸಣ್ಣ ಸಂಖ್ಯೆ ಅಲ್ಲ, ಒಪ್ಪುತ್ತೇನೆ. ಆದರೆ ಅದನ್ನು ಯಾಕೆ ತಗೋತೀರಿ ಅಂದರೆ ರಾತ್ರಿ ಎಚ್ಚರವಾಗಿರಲು ಅನ್ನುವವರೂ ಇದ್ದಾರೆ. ಕಣ್ಣುಮುಚ್ಚಿದರೆ ಚೀಲ ಹೋಗುತ್ತದೆ, ಹೆಂಗಸಾದರೆ ಇನ್ನೂ ಏನೇನೋ ಆಗುತ್ತದೆ. ಚಟದಿಂದ ಬೀದಿಗೆ ಬಂದವರಿದ್ದಾರೆ, ಬೀದಿಗೆ ಬಂದು ಚಟ ಹತ್ತಿದವರೂ ಇದ್ದಾರೆ. ಟೆಂಟ್ ಹೊರಗಿನಿಂದ ವಿಡಿಯೋ ಮಾಡುವವರಿಗೆ ಯಾರು ಯಾವ ಕಡೆಯವರು ಅಂತ ಗೊತ್ತಾಗುವುದಿಲ್ಲ.

ಹಾಗಂತ "ಅವರ ಪಾಡಿಗೆ ಅವರನ್ನು ಬಿಡಿ, ಟೆಂಟ್ ಅವರ ಹಕ್ಕು" ಅನ್ನುವ ಪಂಗಡದ ಜೊತೆಗೂ ನಾನಿಲ್ಲ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಮನೆಯಿಲ್ಲದವರ ಸಾವಿಗೆ ಎಷ್ಟೋ ವರ್ಷಗಳಿಂದ ಮೊದಲ ಕಾರಣ ಡ್ರಗ್ಸ್ ಮಿತಿಮೀರಿದ್ದು. ಫೆಂಟನಿಲ್ ಅನ್ನುವ ಅತಿ ತೀಕ್ಷ್ಣ ಮಾದಕವಸ್ತು ಬಂದ ಮೇಲೆ ಚಿಟಿಕೆಯಷ್ಟರಲ್ಲಿ ಜೀವ ಹೋಗುತ್ತದೆ. ಕಣ್ಣೆದುರು ಒಬ್ಬ ಸಾಯುತ್ತಿದ್ದರೆ ಅದನ್ನು ಸ್ವಾತಂತ್ರ್ಯ ಅನ್ನಲು ನನಗೆ ಬಾಯಿ ಬರುವುದಿಲ್ಲ. ಕೆಲಸ ಮಾಡಿರುವುದು ಸದ್ದಿಲ್ಲದ ಮಂದಿ. 1970ರಿಂದ ಇರುವ ವೆನಿಸ್ ಫ್ಯಾಮಿಲಿ ಕ್ಲಿನಿಕ್ಕಿನ ಡಾಕ್ಟರು, ನರ್ಸುಗಳು ಚೀಲ ಹೊತ್ತು ಟೆಂಟ್ ಬಳಿಗೇ ಹೋಗುತ್ತಾರೆ, ಗಾಯ ತೊಳೆಯುತ್ತಾರೆ, ಚಟ ಬಿಡಿಸುವ ಔಷಧಿ ಅಲ್ಲೇ ಶುರು ಮಾಡುತ್ತಾರೆ. ಫೆಂಟನಿಲ್‌ನಂಥದ್ದು ಮಿತಿಮೀರಿದಾಗ ಜೀವ ಉಳಿಸುವ ನಾರ್ಕಾನ್ ಅನ್ನುವ ಮೂಗಿನ ಸ್ಪ್ರೇ 2023ರಿಂದ ಡಾಕ್ಟರ ಚೀಟಿಯಿಲ್ಲದೆ ಸಿಗುತ್ತದೆ. ರಾಜ್ಯವೇ ಕ್ಯಾಲ್‌ಆರ್‌ಎಕ್ಸ್ ಹೆಸರಲ್ಲಿ ಅದೇ ಔಷಧಿಯ ಎರಡರ ಪೆಟ್ಟಿಗೆಯನ್ನು 24 ಡಾಲರಿಗೆ ಕೊಡಲು ಶುರುಮಾಡಿತು. ಕೌಂಟಿಯಲ್ಲಿ 2023ರಲ್ಲಿ 3,137 ಜನ ಮಿತಿಮೀರಿದ ಡ್ರಗ್ಸಿನಿಂದ ಸತ್ತಿದ್ದರು, 2024ರಲ್ಲಿ 2,438. ಇದು ಸ್ಪ್ರೇ ಒಂದರ ಪ್ರತಾಪ ಅಂತ ನಾನು ಹೇಳುವುದಿಲ್ಲ. ಆದರೆ ನನ್ನ ಕಾರಿನಲ್ಲಿ ಒಂದು ಇದೆ, ನಿಮ್ಮ ಕಾರಿನಲ್ಲೂ ಇರಲಿ. ಮೂಗಿಗೆ ಹಾಕಿ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡುವುದು ಅಷ್ಟೇ, ಡಾಕ್ಟರ್ ಆಗಬೇಕಿಲ್ಲ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ವೆನಿಸ್‌ನ ಸನ್‌ಸೆಟ್ ಅವೆನ್ಯೂದಲ್ಲಿ ಹಳೆಯ ಬಸ್ ಡಿಪೋ ಜಾಗದಲ್ಲಿ 154 ಹಾಸಿಗೆಗಳ ತಾತ್ಕಾಲಿಕ ಶೆಲ್ಟರ್ ಮಾಡುತ್ತೇವೆ ಅಂತ 2018ರಲ್ಲಿ ಸಭೆ ಕರೆದಾಗ, ಅಂದಿನ ಮೇಯರ್ ಗಾರ್ಸೆಟ್ಟಿಯವರಿಗೆ ಜನ ಮಾತಾಡಲೂ ಬಿಡದೆ ಕೂಗಿದರು. ಹೌದು, ಆಮೇಲೆ ದೆಹಲಿಗೆ ರಾಯಭಾರಿಯಾಗಿ ಬಂದರಲ್ಲ, ಅದೇ ಗಾರ್ಸೆಟ್ಟಿ. ವಿರೋಧಿಸಿದವರು ಕೋರ್ಟಿಗೂ ಹೋದರು. 2020ರಲ್ಲಿ ಶೆಲ್ಟರ್ ತೆರೆಯಿತು, 2024ರ ಕೊನೆಗೆ ಮುಚ್ಚಿತು. ಕಾಲುವೆ ಪಕ್ಕದಲ್ಲಿ ನಗರದ್ದೇ ಆದ ಒಂದು ಪಾರ್ಕಿಂಗ್ ಜಾಗವಿದೆ. ಅಲ್ಲಿ 120 ಮನೆ ಕಟ್ಟುವ 'ವೆನಿಸ್ ಡೆಲ್' ಯೋಜನೆ ಎಷ್ಟೋ ವರ್ಷದಿಂದ ಕಡತದಲ್ಲಿದೆ: ಮನೆಯಿಲ್ಲದವರಿಗೆ, ಕಡಿಮೆ ಸಂಬಳದವರಿಗೆ, ಕಲಾವಿದರಿಗೆ. ಕೌನ್ಸಿಲ್ಲೇ ಹಿಂದೆ ಒಪ್ಪಿತ್ತು. 2024ರ ಡಿಸೆಂಬರ್‌ನಲ್ಲಿ ರಾಜ್ಯದ ಕರಾವಳಿ ಆಯೋಗವೂ ಒಪ್ಪಿತು. ಅದೇ ತಿಂಗಳು ನಗರದ ಸಾರಿಗೆ ಮಂಡಳಿ, ಇಲ್ಲಿ ಬೇಡ, ಪಾರ್ಕಿಂಗ್ ಹೋಗುತ್ತದೆ, ಬೇರೆ ಜಾಗ ನೋಡಿ ಅಂದಿತು. ಟ್ರೇಸಿ ಪಾರ್ಕ್ ಮೊದಲಿನಿಂದಲೂ ಇದಕ್ಕೆ ವಿರೋಧ.

ಟೆಂಟ್ ಕಾಣಬಾರದು, ಶೆಲ್ಟರ್ ಬರಬಾರದು, ಮನೆ ಕಟ್ಟಬಾರದು. ಈ ಮೂರನ್ನೂ ಒಂದೇ ಉಸಿರಿನಲ್ಲಿ ಕೇಳುವವರಿಗೆ ಬೇಕಾಗಿರುವುದು ಪರಿಹಾರ ಅಲ್ಲ, ಪಕ್ಕದ ವಾರ್ಡು. ಮೋಟೆಲ್ ಕೋಣೆ ಎಷ್ಟು ದಿನ? ಅಲ್ಲಿಂದ ಹೋಗಲು ಮನೆ ಇಲ್ಲದಿದ್ದರೆ ಮತ್ತೆ ಬೀದಿಯೇ. ಮರುಭೂಮಿಯ ಬಸ್ಸು ಅಂದರೂ ಅದೇ ಲೆಕ್ಕ, ಸ್ವಲ್ಪ ಪೆಟ್ರೋಲ್ ಜಾಸ್ತಿ. ಬೆಂಗಳೂರಿನ ಆಸ್ತಿ ತೆರಿಗೆ ರಶೀದಿಯಲ್ಲಿ ಭಿಕ್ಷುಕರ ಉಪಕರ ಅಂತ 3% ಕಟ್ಟಿ, ಸಿಗ್ನಲ್‌ನಲ್ಲಿ ಗಾಜು ಏರಿಸಿಕೊಂಡು ಬಂದವರು ನಾವು. ಇಲ್ಲಿ ಮಾರಾಟ ತೆರಿಗೆಯಲ್ಲಿ ಮನೆಯಿಲ್ಲದವರಿಗೆ ಅಂತಲೇ ಒಂದು ಪಾಲು ಕಟ್ಟುತ್ತಿದ್ದೇವೆ. ಕಟ್ಟಿದ ದುಡ್ಡು ಎಲ್ಲಿ ಅಂತ ಕೇಳುವ ಹಕ್ಕು ಖಂಡಿತ ಇದೆ. ಕೇಳಬೇಕಾದ ಜಾಗ ವಾಟ್ಸಾಪ್ ಅಲ್ಲ.

ನಮ್ಮಲ್ಲಿ ವೆನಿಸ್ ಇರುವ ವೆಸ್ಟ್‌ಸೈಡ್‌ನಲ್ಲಿ, ಅಂದರೆ ನಗರದ ಪಶ್ಚಿಮ ಭಾಗದಲ್ಲಿ, ಮನೆ ತಗೊಂಡವರು ಸಾಕಷ್ಟು ಜನ ಇದ್ದೀರಿ. ಇಂಥ ಸಭೆಗಳಲ್ಲಿ ಒಬ್ಬೊಬ್ಬರಿಗೆ ಒಂದೆರಡು ನಿಮಿಷ ಮಾತಾಡಲು ಕೊಡುತ್ತಾರೆ. ಬೇಡ ಅನ್ನುವವರು ನಿವೃತ್ತರು, ಬೆಳಿಗ್ಗೆಯೇ ಬಂದು ಕೂತಿರುತ್ತಾರೆ. ಬೇಕು ಅನ್ನುವವರು ಆ ಹೊತ್ತಿಗೆ ಡ್ಯೂಟಿಯಲ್ಲಿರುತ್ತಾರೆ. ವೆನಿಸ್ ಡೆಲ್ ಮುಂದೆ ಯಾವಾಗ ಚರ್ಚೆಗೆ ಬಂದರೂ ನಾನು ರಜೆ ಹಾಕಿ ಹೋಗುವವನು. ಕಾರಿನಲ್ಲಿ ಮೂರು ಸೀಟು ಖಾಲಿ ಇರುತ್ತದೆ, ಬರುವವರು ಇನ್‌ಬಾಕ್ಸಿಗೆ ಬನ್ನಿ. ವಿರೋಧವಾಗಿ ಮಾತಾಡುವವರಾದರೂ ಪರವಾಗಿಲ್ಲ, ದಾರಿಯಲ್ಲಿ ಜಗಳ ಆಡಿಕೊಂಡು ಹೋಗೋಣ.