ದಪ್ಪ ತಗಡಿನ ಜೊತೆ ರಂಧ್ರವನ್ನೂ ನೋಡಿ
ಕಿಟ್ ತರಿಸಿ ಮನೆಯಲ್ಲೇ ಕಟ್ಟುವ ಲಘು ವಿಮಾನಗಳ ರೆಕ್ಕೆ ಬಲಪಡಿಸುವ ಬಗ್ಗೆ ನೀವು ಲೇಖನ ಬರೆದದ್ದು ಒಳ್ಳೆಯದಾಯಿತು. ಆದರೆ ಅದು ರೆಕ್ಕೆಗೆ ಸೇರಿಸುವ ಹೆಚ್ಚುವರಿ ತಗಡಿನ ದಪ್ಪದಲ್ಲೇ ನಿಂತುಬಿಟ್ಟಿದೆ. ಮಂಗಳೂರಿನ ಬೈಕಂಪಾಡಿಯಲ್ಲಿ ಲೇತ್ ಕೆಲಸ ಮಾಡುವ ನನಗೆ ಆ ತಗಡನ್ನು ಹಿಡಿದಿಡುವ ಬೋಲ್ಟಿನ ರಂಧ್ರವೇ ಮುಖ್ಯ. ಅದು ಕೂದಲೆಳೆಯಷ್ಟು ದೊಡ್ಡದಾದರೂ ಬಿಗಿಯಾಗಿ ಕೂತ ಒಂದೆರಡು ಬೋಲ್ಟ್‌ಗಳ ಮೇಲೆಯೇ ಭಾರ ಬೀಳುತ್ತದೆ. ಹಾರಿದಂತೆಲ್ಲ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮೊದಲು ಸಣ್ಣದಾಗಿ ಕೊರೆದು, ಆಮೇಲೆ ರೀಮರ್ (ರಂಧ್ರವನ್ನು ನಯವಾಗಿ ಹಿಗ್ಗಿಸುವ ಉಪಕರಣ) ಹಾಕಿಯೇ ಅಳತೆಗೆ ತರಬೇಕು. ಬೋಲ್ಟಿನ ಥ್ರೆಡ್ ಇರುವ ಭಾಗ ತಗಡಿನ ಮೇಲೆ ಒರಗಕೂಡದು. 2009ರಲ್ಲಿ ಅಮೆರಿಕದಲ್ಲಿ ಜೋಡಿಯಾಕ್ ಸಿಎಚ್ 601 ಎಕ್ಸ್‌ಎಲ್ ಎಂಬ ಲಘು ವಿಮಾನಕ್ಕೆ ಬಲವರ್ಧನೆಯ ಕಿಟ್ ಬಂದಾಗ, ಕಟ್ಟಿ ಮುಗಿಸಿದ್ದ ರೆಕ್ಕೆಗಳನ್ನೇ ಬಿಚ್ಚಬೇಕಾಯಿತು. ಅಂಥ ಶ್ರಮವನ್ನು ಒರಟು ಡ್ರಿಲ್ಲಿಂಗ್‌ನಿಂದ ಹಾಳುಮಾಡಬಾರದು. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಂತೂ ಉಕ್ಕಿನ ಬೋಲ್ಟ್ ತಾಗಿದ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ದಯವಿಟ್ಟು ಸುತ್ತಿಗೆಯಿಂದ ಹೊಡೆದು ಬೋಲ್ಟ್ ಕೂರಿಸಬೇಡಿ, ಸವೆತ ತಡೆಯುವ ಕ್ಯಾಡ್ಮಿಯಂ ಲೇಪನ ಕೆರೆದುಹೋಗುತ್ತದೆ.